ಸತ್ಯವೇದದ ಅಧ್ಯಯನದಲ್ಲಿ ‘ನಾನು ಯಾರು’ ಎಂಬ ಪ್ರಶ್ನೆ: ಯಾಕೋಬ, ರೂತ್ ಮತ್ತು ಬಿಡುಗಡೆಯ ಬೆಲೆ

ಮೂಲ ಬರಹ: ಜೆಪ್ಪು, ಮಂಗಳೂರು

ನಮ್ಮ ಊರಿನಲ್ಲಿ ಹೊಸದಾಗಿ ಪರಿಚಯವಾದವರು ಹೆಸರು ಕೇಳಿದ ಮೇಲೆ ಮನೆತನ ಕೇಳುತ್ತಾರೆ, ಆಮೇಲೆ ಯಾವ ಇಗರ್ಜಿ ಅಥವಾ ಯಾವ ಸಭೆ ಎಂದು ವಿಚಾರಿಸುತ್ತಾರೆ, ಕೊನೆಗೆ ಎಲ್ಲಿ ಕೆಲಸ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಒಬ್ಬರನ್ನೊಬ್ಬರು ಗುರುತಿಸಿಕೊಳ್ಳಲು ಕರಾವಳಿಯವರು ಕಂಡುಕೊಂಡ ದಾರಿ ಇದು. ಆದರೆ ಕೊಲ್ಲಿಯ ಕೆಲಸ ಹೋಗಿ ಊರಿಗೆ ಮರಳಿದವನಿಗೆ, ಮದುವೆ ಮುರಿದು ತವರಿಗೆ ಬಂದವಳಿಗೆ, ಕುಡಿತ ಬಿಟ್ಟು ಮತ್ತೆ ನೆಟ್ಟಗೆ ನಿಲ್ಲಲು ಹೊರಟವನಿಗೆ ಈ ಉತ್ತರಗಳು ಒಂದೊಂದಾಗಿ ಕೈಕೊಡುತ್ತವೆ. ಜೆಪ್ಪುವಿನ ಮನೆಯೊಂದರಲ್ಲಿ ಶನಿವಾರ ಸಂಜೆ ಸತ್ಯವೇದ ಓದಲು ಸೇರುವ ನಮ್ಮ ಸಣ್ಣ ಗುಂಪಿಗೆ ಇಂಥವರೂ ಬರುತ್ತಾರೆ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆ) ಸಭೆಯವರು ಮತ್ತು ಕಥೋಲಿಕರು ಒಂದೇ ಚಾಪೆಯ ಮೇಲೆ ಕುಳಿತು ಆದಿಕಾಂಡವನ್ನು ಓದುತ್ತಿದ್ದೇವೆ. ಅಲ್ಲಿ ನನಗೆ ಸ್ಪಷ್ಟವಾದ ಒಂದು ವಿಷಯವನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಗುಂಪಿಗೆ ಬರುವ ಕಿರಿಯರಲ್ಲಿ ಹೆಚ್ಚಿನವರು ಕೆಲವು ವಚನಗಳನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಕ್ರಿಸ್ತನಲ್ಲಿರುವವನು ನೂತನ ಸೃಷ್ಟಿ ಎಂಬ ಕೊರಿಂಥದವರಿಗೆ ಬರೆದ ಮಾತು, ನೀವು ರಾಜವಂಶಸ್ಥರಾದ ಯಾಜಕರು ಎಂಬ ಪೇತ್ರನ ಮಾತು, ನಿನ್ನನ್ನು ವಿಮೋಚಿಸಿದ್ದೇನೆ, ಹೆಸರು ಹಿಡಿದು ಕರೆದಿದ್ದೇನೆ ಎಂಬ ಯೆಶಾಯನ ಮಾತು ಇವುಗಳಲ್ಲಿ ಮುಖ್ಯವಾದವು. ಈ ಮಾತುಗಳನ್ನು ನಾನು ಮನಸಾರೆ ನಂಬುತ್ತೇನೆ. ಆದರೆ ಅವುಗಳನ್ನು ಅಧ್ಯಾಯದಿಂದ ಬಿಡಿಸಿ ಫೋನಿನ ಪರದೆಯ ಮೇಲೆ ಇಟ್ಟುಕೊಂಡಾಗ ಅವುಗಳ ಅರ್ಧ ಬಲ ಅಲ್ಲೇ ಹಿಂದೆ ಉಳಿದುಬಿಡುತ್ತದೆ. ಯೆಶಾಯನ 43ನೆಯ ಅಧ್ಯಾಯದ ಮೊದಲ ವಚನವನ್ನೇ ನೋಡಿ. ಅದರ ಹಿಂದಿನ ವಚನದಲ್ಲಿ, ಅಂದರೆ 42ನೆಯ ಅಧ್ಯಾಯದ ಕೊನೆಯಲ್ಲಿ, ಇಸ್ರಾಯೇಲಿನ ಸುತ್ತಲೂ ಬೆಂಕಿ ಹತ್ತಿ ಉರಿದರೂ, ಅದು ಮೈಯನ್ನೇ ಸುಟ್ಟರೂ, ಆ ಜನ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಎಂದಿದೆ. ಅದರ ಬೆನ್ನಿಗೇ ‘ಭಯಪಡಬೇಡ’ ಎಂಬ ಮಾತು ಬರುತ್ತದೆ, ಮುಂದಿನ ವಚನದಲ್ಲಿ ನೀನು ಉರಿಯಲ್ಲಿ ನಡೆದರೂ ಸುಟ್ಟುಹೋಗುವುದಿಲ್ಲ ಎಂಬ ವಾಗ್ದಾನ ಬರುತ್ತದೆ. ಅದೇ ಜನ, ಅದೇ ಬೆಂಕಿ. ಸುಟ್ಟವರಿಗೇ ಈ ಮಾತು ಹೇಳಿದ್ದು ಎಂದು ತಿಳಿಯದೆ ಓದಿದರೆ ಅದು ಯಾರಿಗೂ ಹೊಂದುವ ಹಾರೈಕೆಯ ಮಾತಾಗುತ್ತದೆ. ತಿಳಿದು ಓದಿದರೆ ಸುಟ್ಟ ಗಾಯ ಇರುವವನು ತಲೆ ಎತ್ತಿ ನೋಡುತ್ತಾನೆ.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಯಾಕೋಬನ ಕಥೆ. ಆದಿಕಾಂಡದ 27ನೆಯ ಅಧ್ಯಾಯದಲ್ಲಿ ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಪಡೆಯಲು ಕಣ್ಣು ಕಾಣದ ತಂದೆಯ ಮುಂದೆ ಅವನು ಅಣ್ಣನ ಬಟ್ಟೆ ತೊಟ್ಟು, ಕೈಗೂ ಕೊರಳಿಗೂ ಆಡುಮರಿಯ ಚರ್ಮ ಸುತ್ತಿಕೊಂಡು ನಿಲ್ಲುತ್ತಾನೆ. ಇಸಾಕನು ‘ನೀನು ಯಾರು, ಮಗನೇ’ ಎಂದು ಕೇಳುತ್ತಾನೆ. ‘ನಾನು ನಿನ್ನ ಚೊಚ್ಚಲ ಮಗ ಏಸಾವ’ ಎಂಬ ಉತ್ತರ ಬರುತ್ತದೆ. ಮುದುಕನಿಗೆ ಅನುಮಾನ ಹೋಗುವುದಿಲ್ಲ. ಮುಟ್ಟಿ ನೋಡುತ್ತಾನೆ, ಸ್ವರ ಯಾಕೋಬನದು, ಕೈ ಏಸಾವನದು ಎನ್ನುತ್ತಾನೆ, ಮತ್ತೊಮ್ಮೆ ಕೇಳುತ್ತಾನೆ, ಮತ್ತೊಮ್ಮೆ ಸುಳ್ಳೇ ಉತ್ತರವಾಗುತ್ತದೆ. ಆಶೀರ್ವಾದ ಸಿಗುತ್ತದೆ, ಆದರೆ ಅದು ಇನ್ನೊಬ್ಬನ ಹೆಸರಿನಲ್ಲಿ ಸಿಕ್ಕ ಆಶೀರ್ವಾದ. ಅಲ್ಲಿಂದ ಮುಂದೆ ಸೋದರಮಾವ ಲಾಬಾನನ ಮನೆಯಲ್ಲಿ ಕಳೆದ 20 ವರ್ಷಗಳ ತುಂಬ ಅವನು ದುಡಿಯುತ್ತಾನೆ, ಮೋಸ ಹೋಗುತ್ತಾನೆ, ತಾನೂ ಚತುರೋಪಾಯ ಹೂಡುತ್ತಾನೆ, ಹೆಂಡಿರು ಮಕ್ಕಳು ಹಿಂಡುಗಳು ಎಲ್ಲವನ್ನೂ ಪಡೆಯುತ್ತಾನೆ. ಊರಿಗೆ ಮರಳಬೇಕಾದಾಗ ಮಾತ್ರ ಹೊಟ್ಟೆಯೊಳಗೆ ಹೆದರಿಕೆ ಹುಟ್ಟುತ್ತದೆ, ಏಕೆಂದರೆ ಏಸಾವನು 400 ಮಂದಿಯೊಂದಿಗೆ ಎದುರು ಬರುತ್ತಿದ್ದಾನೆ.

ಯಬ್ಬೋಕ್ ಹೊಳೆಯನ್ನು ಎಲ್ಲರಿಗೂ ದಾಟಿಸಿ ಅವನೊಬ್ಬನೇ ಉಳಿದ ರಾತ್ರಿ, ಹೋರಾಡಿದ ಆ ಪುರುಷನು ಆಶೀರ್ವದಿಸುವ ಮೊದಲು ಕೇಳಿದ್ದು ‘ನಿನ್ನ ಹೆಸರೇನು’ ಎಂದು. ಆಶೀರ್ವಾದಕ್ಕಾಗಿ ಕೈ ಚಾಚಿದವನಿಗೆ ಕತ್ತಲಲ್ಲಿ ಎರಡನೆಯ ಬಾರಿ ಅದೇ ಪ್ರಶ್ನೆ ಬರುತ್ತದೆ. ಈ ಸಲ ಅವನು ‘ಯಾಕೋಬ’ ಎನ್ನುತ್ತಾನೆ. ಇಸ್ರಾಯೇಲ ಎಂಬ ಹೊಸ ಹೆಸರು ಅದಾದ ಮೇಲೆ ಬರುತ್ತದೆ. ತೊಡೆಯ ಕೀಲು ತಪ್ಪಿದ್ದರಿಂದ ಕುಂಟುತ್ತಲೇ ಅವನು ಸೂರ್ಯೋದಯದ ಹೊತ್ತಿಗೆ ಪೆನೀಯೇಲನ್ನು ದಾಟುತ್ತಾನೆ.

ದೇವರ ವಾಕ್ಯವನ್ನು ಓದುತ್ತಾ ನಮಗೆ ಗುರುತು ಸಿಗುವುದು ಹೀಗೆಯೇ ಎಂಬುದು ನನ್ನ ನಂಬಿಕೆ. ನಾನು ಹೇಗಿರಬೇಕಿತ್ತೋ ಆ ವೇಷದಲ್ಲಿ ನಿಂತಿರುವಷ್ಟು ಕಾಲ ನನಗೆ ಬಂದ ಯಾವ ಒಳಿತೂ ನನ್ನದೆನ್ನಿಸುವುದಿಲ್ಲ. ಸತ್ಯವೇದವನ್ನು ನಿಧಾನವಾಗಿ, ಇಡೀ ಕಥೆಯಾಗಿ, ಇತರರ ಮುಂದೆ ಗಟ್ಟಿಯಾಗಿ ಓದಿದಾಗ ಅದು ನನ್ನ ಹೆಸರನ್ನು ಕೇಳುತ್ತದೆ, ಮತ್ತು ನಿಜವಾದ ಹೆಸರನ್ನು ಹೇಳುವ ಧೈರ್ಯ ಸಾಮಾನ್ಯವಾಗಿ ಕತೆಯ ನಡುವೆ ಎಲ್ಲೋ ಬರುತ್ತದೆ. ನೀವು ನಿಮ್ಮ ಓದಿನಲ್ಲಿ ಏನು ಕಂಡಿದ್ದೀರಿ ಎಂದು ತಿಳಿಯುವ ಆಸೆ ನನಗಿದೆ.

ಉತ್ತರ: ಉಡುಪಿಯಿಂದ

ಬರಹವನ್ನು ಎರಡು ಸಲ ಓದಿದೆ. ಗುರುತಿನ ವಿಷಯ ಚೆನ್ನಾಗಿ ಬಂದಿದೆ, ಆದರೆ ಬಿಡುಗಡೆಯ ವಿಷಯ ಬಂದಿಲ್ಲ. ನಿಜವಾದ ಹೆಸರು ಹೇಳಿಬಿಟ್ಟರೆ ಸಾಕೇ? ಸಾಲದಲ್ಲಿ ಮುಳುಗಿದವನು ತಾನು ಸಾಲಗಾರ ಎಂದು ಪ್ರಾಮಾಣಿಕವಾಗಿ ಹೇಳಿದರೂ ಸಾಲ ಹಾಗೆಯೇ ಉಳಿಯುತ್ತದೆ. ಆದ್ದರಿಂದ ನಿಮ್ಮ ಯಾಕೋಬನ ಪಕ್ಕದಲ್ಲಿ, ಗಂಡನನ್ನು ಕಳೆದುಕೊಂಡು ಅತ್ತೆ ನೊವೊಮಿಯ ಜೊತೆ ಅವಳ ಊರಿಗೆ ಬಂದ ಮೋವಾಬ್ ದೇಶದ ರೂತಳನ್ನು ಇಡಬೇಕು ಎನ್ನುವುದು ನನ್ನ ಅಭಿಪ್ರಾಯ.

ನಮ್ಮ ಮಹಿಳಾ ಕೂಟದಲ್ಲಿ ಮಳೆಗಾಲದಲ್ಲಿ ರೂತಳ ನಾಲ್ಕು ಅಧ್ಯಾಯಗಳನ್ನು ಓದಿದೆವು. ಮೂರನೆಯ ಅಧ್ಯಾಯದಲ್ಲಿಯೂ ನೀವು ಹೇಳಿದಂಥದೇ ಕತ್ತಲೆಯ ಪ್ರಶ್ನೆ ಇದೆ. ಕಣದಲ್ಲಿ ಜವೆಗೋದಿಯ ರಾಶಿಯ ಪಕ್ಕದಲ್ಲಿ ಮಲಗಿದ್ದ, ರೂತಳ ಗಂಡನ ಕಡೆಯ ನಂಟನಾದ ಬೋವಜನು ನಡುರಾತ್ರಿ ಬೆಚ್ಚಿ ಎದ್ದು, ಕಾಲ ಬಳಿ ಯಾರೋ ಹೆಂಗಸು ಇರುವುದನ್ನು ಕಂಡು ‘ನೀನು ಯಾರು’ ಎನ್ನುತ್ತಾನೆ. ರೂತಳು ಹಿಂಜರಿಯದೆ ತನ್ನ ಹೆಸರು ಹೇಳುತ್ತಾಳೆ, ಅದೇ ಉಸಿರಿನಲ್ಲಿ ನೀನು ನಮ್ಮನ್ನು ಬಿಡಿಸಬೇಕಾದ ಸಮೀಪಬಂಧು ಎಂದೂ ಹೇಳುತ್ತಾಳೆ. ತನ್ನ ಹೆಸರನ್ನೂ ಅವನ ಹೊಣೆಯನ್ನೂ ಒಟ್ಟಿಗೆ ಮುಂದಿಡುತ್ತಾಳೆ. ಈ ಧೈರ್ಯ ಯಾಕೋಬನಲ್ಲಿ ಇಲ್ಲ ಎಂದು ನಮ್ಮ ಕೂಟದ ಹಿರಿಯರೊಬ್ಬರು ಹೇಳಿದರು. ನನಗೂ ಹಾಗೆಯೇ ಅನ್ನಿಸಿತು.

ಯಾಜಕಕಾಂಡದ 25ನೆಯ ಅಧ್ಯಾಯ ಓದದೆ ಈ ಕಥೆ ಅರ್ಥವಾಗುವುದಿಲ್ಲ. ಬಡತನದಿಂದ ಭೂಮಿ ಮಾರಿದವನ ಪಾಲನ್ನು ಹತ್ತಿರದ ನಂಟನು ಬಿಡಿಸಿಕೊಡಬೇಕು, ಪರದೇಶದವನಿಗೆ ತನ್ನನ್ನೇ ಮಾರಿಕೊಂಡವನನ್ನು ಅಣ್ಣತಮ್ಮಂದಿರಲ್ಲಿ ಒಬ್ಬನು, ಇಲ್ಲವೇ ದೊಡ್ಡಪ್ಪ ಚಿಕ್ಕಪ್ಪಂದಿರು, ಇಲ್ಲವೇ ಅವರ ಮಕ್ಕಳು ಬಿಡಿಸಬೇಕು ಎಂದು ಅಲ್ಲಿ ಲೆಕ್ಕಾಚಾರ ಸಹಿತ ಬರೆದಿದೆ. ಅಡವಿಟ್ಟ ಬಳೆಯನ್ನು ಸೊಸೈಟಿಯಿಂದ ಸೋದರಮಾವ ದುಡ್ಡು ಕಟ್ಟಿ ಬಿಡಿಸಿ ತಂದದ್ದನ್ನು ಕಂಡ ನಮ್ಮ ಕಡೆಯ ಹೆಂಗಸರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಬಿಡಿಸುವವನು ರಕ್ತಸಂಬಂಧಿ ಆಗಿರಬೇಕು, ಅವನ ಕೈಯಿಂದ ದುಡ್ಡು ಹೋಗಬೇಕು, ಬಿಡಿಸಿದ ಮೇಲೆ ವಸ್ತು ಮೂಲ ಮನೆಗೆ ಮರಳಬೇಕು. ಯೇಸು ಮನುಷ್ಯನಾಗಿ ಹುಟ್ಟಿದ್ದು ಏಕೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಸರಳವಾದ ಉತ್ತರ ಇದೇ: ಬಿಡಿಸಬೇಕಾದರೆ ಮೊದಲು ನಮ್ಮ ನಂಟನಾಗಬೇಕಿತ್ತು.

ಇನ್ನೊಂದು ಸಂಗತಿಯನ್ನು ಗಮನಿಸಿ. ನಾಲ್ಕನೆಯ ಅಧ್ಯಾಯದಲ್ಲಿ ಬೋವಜನಿಗಿಂತ ಹತ್ತಿರದ ನಂಟನೊಬ್ಬ ಊರಬಾಗಿಲಿಗೆ ಬರುತ್ತಾನೆ. ಹೊಲವನ್ನು ಕೊಳ್ಳಲು ಒಪ್ಪಿದವನು, ಮೋವಾಬಿನ ರೂತಳನ್ನೂ ಸೇರಿಸಿಕೊಳ್ಳಬೇಕು ಎಂದು ತಿಳಿದ ಕೂಡಲೇ ತನ್ನ ಸ್ವತ್ತಿಗೆ ನಷ್ಟವಾದೀತೆಂದು ಕೆರ ಕಳಚಿ ಹಿಂದೆ ಸರಿಯುತ್ತಾನೆ. ಇಡೀ ಪುಸ್ತಕದಲ್ಲಿ ಅವನ ಹೆಸರೇ ಬರುವುದಿಲ್ಲ. ತನ್ನ ಪಾಲನ್ನು ಕಾಪಾಡಿಕೊಂಡವನು ಹೆಸರಿಲ್ಲದೆ ಹೋದ. ಮೋವಾಬ್ಯರನ್ನು ಹತ್ತು ತಲೆಮಾರಿನ ತನಕ ಸಭೆಗೆ ಸೇರಿಸಬಾರದು ಎಂದು ಧರ್ಮೋಪದೇಶಕಾಂಡ ಹೇಳುವಾಗಲೂ, ಪದೇ ಪದೇ ‘ಮೋವಾಬ್ಯಳು’ ಎಂದೇ ಕರೆಸಿಕೊಂಡ ಹೆಣ್ಣಿನ ಹೆಸರು ಮತ್ತಾಯನ ಮೊದಲ ಅಧ್ಯಾಯದಲ್ಲಿ ಯೇಸುವಿನ ವಂಶಾವಳಿಯಲ್ಲಿದೆ. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ‘ನನ್ನನ್ನು ನೊವೊಮಿ ಎನ್ನಬೇಡಿ, ಮಾರಾ ಎನ್ನಿ’ ಎಂದು ಊರ ಹೆಂಗಸರಿಗೆ ಹೇಳಿದ ಅತ್ತೆಯನ್ನು ಆ ಕಹಿ ಹೆಸರಿನಿಂದ ಯಾರೂ ಮತ್ತೆ ಕರೆಯುವುದಿಲ್ಲ ಎಂಬುದನ್ನೂ ಓದುವಾಗ ಬಿಡಬೇಡಿ. ವಿಧವೆಯರು ಹೆಚ್ಚಾಗಿರುವ ನಮ್ಮ ಕೂಟದಲ್ಲಿ ಅತ್ಯಂತ ಹೆಚ್ಚು ಮಾತು ನಡೆದದ್ದು ಅವಳ ಬಗ್ಗೆಯೇ.

ಉತ್ತರ: ಕಲ್ಯಾಣಪುರದಿಂದ

ನಾನು ಕಥೋಲಿಕ. ನಮ್ಮ ಹಿರಿಯರ ಕಾಲದಲ್ಲಿ ಮನೆಯಲ್ಲಿ ತೇರ್ಸಾ (ಜಪಮಾಲೆಯ ಪ್ರಾರ್ಥನೆ) ಇತ್ತು, ಪ್ರಾರ್ಥನೆಯ ಪುಸ್ತಕ ಇತ್ತು, ಬೈಬಲ್ ಬಹಳ ಮನೆಗಳಲ್ಲಿ ಇರಲಿಲ್ಲ. 1965ರ ನವೆಂಬರಿನಲ್ಲಿ ಕಥೋಲಿಕ ಧರ್ಮಾಧ್ಯಕ್ಷರ ಮಹಾಸಭೆಯಾದ ಎರಡನೆಯ ವ್ಯಾಟಿಕನ್ ಸಭೆಯು ದೇವರ ವಾಕ್ಯದ ಕುರಿತ ತನ್ನ ದಾಖಲೆಯಲ್ಲಿ ಎಲ್ಲ ವಿಶ್ವಾಸಿಗಳೂ ಪವಿತ್ರ ಗ್ರಂಥವನ್ನು ಮೇಲಿಂದ ಮೇಲೆ ಓದಬೇಕೆಂದು ಒತ್ತಿ ಹೇಳಿತು. ಗ್ರಂಥವನ್ನು ಅರಿಯದಿರುವುದೆಂದರೆ ಕ್ರಿಸ್ತನನ್ನೇ ಅರಿಯದಿರುವುದು ಎಂಬ ಸಂತ ಜೆರೋಮನ ಮಾತನ್ನು ಅಲ್ಲಿ ಉದ್ಧರಿಸಿದ್ದಾರೆ. ಈಗ ನಮ್ಮ ವಾಡೊಗಳಲ್ಲಿ (ಇಗರ್ಜಿಯ ವಾರ್ಡುಗಳಲ್ಲಿ) ಗುರ್ಕಾರರ, ಅಂದರೆ ವಾರ್ಡಿನ ಮುಖಂಡರ, ಮುಂದಾಳತ್ವದಲ್ಲಿ ಮನೆಮನೆಗೆ ಹೋಗಿ ವಾಕ್ಯ ಓದುವ ರೂಢಿ ಬಂದಿದೆ. ಆದ್ದರಿಂದ ನಿಮ್ಮಿಬ್ಬರ ಬರಹಗಳನ್ನು ಸಂತೋಷದಿಂದ ಓದಿದೆ.

ಆದರೂ ಒಂದು ಆಕ್ಷೇಪಣೆ ಇದೆ. ‘ನಾನು ಯಾರು’ ಎಂಬ ಪ್ರಶ್ನೆಯನ್ನು ಒಬ್ಬೊಬ್ಬನ ಒಳಮನಸ್ಸಿನ ವಿಷಯವಾಗಿ ನೋಡುವುದು ಇಂದಿನ ಕಾಲದ ಅಭ್ಯಾಸ. ಮಂಗಳೂರಿನ ಕಥೋಲಿಕರು 1784ರ ವಿಭೂತಿ ಬುಧವಾರದಂದು (ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ದಿನ) ಸೆರೆಹಿಡಿಯಲ್ಪಟ್ಟು ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟರು, ಬದುಕಿ ಉಳಿದವರು 1799ರ ನಂತರ ಊರಿಗೆ ಮರಳಿದರು. ಅವರ ಇಗರ್ಜಿಗಳು ಕೆಡವಲ್ಪಟ್ಟಿದ್ದವು, ಜಮೀನು ಕೈಬಿಟ್ಟಿತ್ತು. ಮರಳಿದವರು ತಮ್ಮ ಗುರುತನ್ನು ಒಬ್ಬೊಬ್ಬರಾಗಿ ಹುಡುಕಲಿಲ್ಲ. ಒಟ್ಟಾಗಿ ಪ್ರಾರ್ಥಿಸಿ, ಒಟ್ಟಾಗಿ ಇಗರ್ಜಿ ಕಟ್ಟಿ ಅದನ್ನು ಮರಳಿ ಪಡೆದರು. ಬೈಬಲಿನಲ್ಲಿಯೂ ಯಾಕೋಬನಿಗೆ ಸಿಕ್ಕಿದ ಹೆಸರು ಮುಂದೆ ಒಂದು ಇಡೀ ಜನಾಂಗದ ಹೆಸರಾಯಿತು.

ನೀವು ಯಬ್ಬೋಕ್ ಹೊಳೆಯ ಬಳಿ ಕಂಡದ್ದನ್ನು ನಾನು ಪಾಪನಿವೇದನೆಯ ಪೀಠದಲ್ಲಿ ಕಾಣುತ್ತೇನೆ. ಅಲ್ಲಿ ಮಂಡಿಯೂರಿದವನು ತಾನು ಮಾಡಿದ್ದನ್ನು ತನ್ನದೇ ಬಾಯಿಯಿಂದ, ಇನ್ನೊಬ್ಬ ಮನುಷ್ಯನ ಕಿವಿಗೆ ಕೇಳುವಂತೆ ಹೇಳಬೇಕು. ಓದು ಒಬ್ಬನನ್ನು ಆ ಬಾಗಿಲ ತನಕ ಕರೆತರಬಹುದು. ಅಲ್ಲಿಂದ ಮುಂದೆ ಪುಸ್ತಕವೊಂದೇ ಸಾಲದು ಎಂದು ನಾನು ದೃಢವಾಗಿ ನಂಬುತ್ತೇನೆ.

ಉತ್ತರ: ಬಲ್ಮಠ, ಮಂಗಳೂರು (ಧರ್ಮಶಾಸ್ತ್ರದ ವಿದ್ಯಾರ್ಥಿ)

ಕಲ್ಯಾಣಪುರದವರು ಇತಿಹಾಸಕ್ಕೆ ಬಂದದ್ದರಿಂದ ನನ್ನದೂ ಒಂದು ಮಾತು ಸೇರಿಸುತ್ತೇನೆ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1847ರ ಹೊತ್ತಿಗೆ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ತುಳು ಭಾಷೆಗೆ ಬಂದಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರು ಸಿದ್ಧಪಡಿಸಿದ ಇಡೀ ಕನ್ನಡ ಸತ್ಯವೇದ 1831ರಷ್ಟು ಹಿಂದೆಯೇ ಅಚ್ಚಾಗಿತ್ತು. ಓದುವುದಕ್ಕೆ ಪುಸ್ತಕ ಬಂತು, ಓದಿದವರಲ್ಲಿ ಕೆಲವರು ದೀಕ್ಷಾಸ್ನಾನ ಪಡೆದರು. ಆಗ ಅವರಿಗೆ ಆದದ್ದೇನು ಎಂಬುದನ್ನು ಇಂದು ಗುರುತಿನ ಬಗ್ಗೆ ಮಾತಾಡುವ ನಾವು ಮರೆಯಬಾರದು.

ಸಾರಸ್ವತ ಬ್ರಾಹ್ಮಣ ಮನೆತನದ ತರುಣ ಆನಂದರಾವ್ ಕೌಂಡಿನ್ಯ ಅವರು 1844ರಲ್ಲಿ ಆ ಮಿಷನ್ನಿನ ಪಾದ್ರಿ ಮೋಗ್ಲಿಂಗ್ ಅವರ ಕೈಯಿಂದ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಪಟ್ಟಣದಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಅವರು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿ ಇಲ್ಲಿಯೇ ಸೇವೆ ಮಾಡಿದರು. ಹೆರ್ಮನ್ ಎಂಬ ಹೊಸ ಹೆಸರಿನ ಜೊತೆಗೆ ಆನಂದರಾವ್ ಕೌಂಡಿನ್ಯ ಎಂಬ ಹಳೆಯ ಹೆಸರನ್ನೂ ಅವರು ಕೊನೆಯ ತನಕ ಉಳಿಸಿಕೊಂಡರು. ಯಾಕೋಬನ ವಿಷಯದಲ್ಲಿ ಮೂಲ ಬರಹಗಾರರು ಹೇಳದೆ ಬಿಟ್ಟ ಒಂದು ಅಂಶ ಇಲ್ಲಿ ನೆನಪಿಗೆ ಬರುತ್ತದೆ: ಅಬ್ರಾಮನು ಅಬ್ರಹಾಮನಾದ ಮೇಲೆ ಆದಿಕಾಂಡವು ಅವನನ್ನು ಹಳೆಯ ಹೆಸರಿನಿಂದ ಮತ್ತೆ ಕರೆಯುವುದಿಲ್ಲ, ಆದರೆ ಇಸ್ರಾಯೇಲನಾದ ಮೇಲೂ ಯಾಕೋಬನನ್ನು ಮೇಲಿಂದ ಮೇಲೆ ಯಾಕೋಬನೆಂದೇ ಕರೆಯುತ್ತದೆ.

ಹೆಸರಿಲ್ಲದ ಬಡವರ ಪಾಡು ಇನ್ನೂ ಕಠಿಣವಾಗಿತ್ತು. ದೀಕ್ಷಾಸ್ನಾನ ಪಡೆದವರಿಗೆ ಕುಟುಂಬದ ಆಸ್ತಿಯೂ ಜಾತಿಯ ಕಸುಬೂ ಕೈತಪ್ಪಿದಾಗ ಮಿಷನ್ ನೇಯ್ಗೆ ಕಲಿಸಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ‘ಕ್ರಿಸ್ತನಲ್ಲಿ ನೂತನ ಸೃಷ್ಟಿ’ ಎಂಬ ವಚನ ಅವರ ಪಾಲಿಗೆ ನಾಳೆಯ ಅನ್ನದ ಪ್ರಶ್ನೆಯೂ ಆಗಿತ್ತು. ಉಡುಪಿಯವರು ಹೇಳಿದ ಸಮೀಪಬಂಧುವಿನ ಹೊಣೆ ಆಗ ಸಭೆಯ ಹೆಗಲಿಗೆ ಬಿತ್ತು, ಏಕೆಂದರೆ ಬೇರೆ ಬಂಧುಗಳು ಅವರಿಗೆ ಉಳಿದಿರಲಿಲ್ಲ.

ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಕೇಳುತ್ತೇನೆ, ಯಾರೂ ತಪ್ಪು ತಿಳಿಯಬಾರದು. ಯೆಹೂದ್ಯನು ಗ್ರೀಕನು ಎಂಬ ಭೇದವಿಲ್ಲ, ದಾಸನು ಸ್ವತಂತ್ರನು ಎಂಬ ಭೇದವಿಲ್ಲ ಎಂದು ಗಲಾತ್ಯದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯವನ್ನು ನಾವು ದೀಕ್ಷಾಸ್ನಾನದ ಆರಾಧನೆಯಲ್ಲಿ ಓದುತ್ತೇವೆ. ಅದೇ ನಾವು ಮದುವೆಯ ಮಾತುಕತೆಗೆ ಕುಳಿತಾಗ ಹಿಂದಿನ ಜಾತಿಯನ್ನು ಮೆಲ್ಲನೆ ವಿಚಾರಿಸುತ್ತೇವೆ. ಕಥೋಲಿಕರಲ್ಲಿಯೂ ಇದು ಇದೆ, ನಮ್ಮಲ್ಲಿಯೂ ಇದೆ. ಸತ್ಯವೇದ ಕೊಡುವ ಗುರುತು ಮದುವೆಯ ಮಾತುಕತೆಯ ಚಾವಡಿಯಲ್ಲಿ ನಿಲ್ಲದಿದ್ದರೆ ನಮ್ಮ ಅಧ್ಯಯನ ಇನ್ನೂ ಅಲ್ಲಿಗೆ ತಲುಪಿಲ್ಲ ಎಂದೇ ಹೇಳಬೇಕಾಗುತ್ತದೆ.

ಉತ್ತರ: ಮಣಿಪಾಲದಿಂದ

ನಾನು ಹೆಚ್ಚು ಓದಿಕೊಂಡವನಲ್ಲ. ಇತ್ತೀಚೆಗೆ ವಾಕ್ಯ ಓದಲು ಆರಂಭಿಸಿದ್ದೇನೆ. ನನ್ನ ಪ್ರಶ್ನೆ ನೇರವಾಗಿದೆ. ದೇವರು ಕ್ಷಮಿಸಿದ್ದಾನೆಂಬ ನಂಬಿಕೆ ನನಗಿದೆ, ಆದರೆ ನನ್ನಿಂದ ನೋವುಂಡ ಮನೆಯವರು ನನ್ನನ್ನು ಇನ್ನೂ ಹಳೆಯ ಮನುಷ್ಯನೆಂದೇ ನೋಡುತ್ತಾರೆ. ದೇವರ ಮುಂದೆ ಒಂದು ಗುರುತು, ಮನೆಯ ಅಂಗಳದಲ್ಲಿ ಇನ್ನೊಂದು ಗುರುತು. ಇವೆರಡರಲ್ಲಿ ಯಾವುದು ನಿಜ?

ಉತ್ತರ: ಜೆಪ್ಪು (ಮೂಲ ಬರಹಗಾರರು)

ಎಲ್ಲರಿಗೂ ಕೃತಜ್ಞತೆಗಳು. ಕಲ್ಯಾಣಪುರದವರ ಆಕ್ಷೇಪಣೆಯನ್ನು ಬಹುಪಾಲು ಒಪ್ಪುತ್ತೇನೆ. ಗುಂಪಿನಲ್ಲಿ ಓದಬೇಕೆಂದು ನಾನು ಹೇಳಿದ್ದೂ ಅದೇ ಕಾರಣಕ್ಕೆ. ಬಲ್ಮಠದವರ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ, ಅದಕ್ಕೆ ಉತ್ತರ ಕೊಡಬೇಕಾದದ್ದು ನಮ್ಮ ಮನೆಗಳಲ್ಲಿ ನಡೆಯುವ ಮುಂದಿನ ಮದುವೆಯ ಮಾತುಕತೆಗಳು.

ಮಣಿಪಾಲದ ಸಹೋದರರಿಗೆ ಹೇಳಬೇಕಾದದ್ದು ಹೆಚ್ಚಿದೆ. ಯಾಕೋಬನು ದೇವರೊಂದಿಗೆ ಹೋರಾಡಿ ಆಶೀರ್ವಾದ ಪಡೆದ ಮರುಗಳಿಗೆಯೇ ಅಣ್ಣನ ಮುಂದೆ ನಿಲ್ಲಬೇಕಾಯಿತು. ಅವನು ಏಳು ಸಲ ನೆಲಕ್ಕೆ ಬಾಗಿ ಹತ್ತಿರ ಬಂದನು, ಏಸಾವನು ಓಡಿಬಂದು ಕೊರಳನ್ನು ಅಪ್ಪಿಕೊಂಡನು, ಇಬ್ಬರೂ ಅತ್ತರು. ನಿನ್ನ ಮುಖವನ್ನು ನೋಡಿದ್ದು ದೇವರ ಮುಖವನ್ನು ನೋಡಿದಂತಾಯಿತು ಎಂದು ಯಾಕೋಬನು ಅಣ್ಣನಿಗೆ ಹೇಳಿದನು. ಆ ಮಾತು ಬಹಳ ದೊಡ್ಡದು, ಏಕೆಂದರೆ ಹಿಂದಿನ ರಾತ್ರಿಯಷ್ಟೇ ಅವನು ದೇವರ ಮುಖವನ್ನು ನೋಡಿದ್ದೇನೆ ಎಂದಿದ್ದನು. ಆದರೆ ಅದೇ ಅಧ್ಯಾಯವನ್ನು ಕೊನೆಯ ತನಕ ಓದಿ. ನೀನು ಮುಂದೆ ಹೋಗು, ನಾನು ಮಕ್ಕಳೊಂದಿಗೆ ನಿಧಾನವಾಗಿ ಸೇಯೀರಿಗೆ ಬರುತ್ತೇನೆ ಎಂದು ಅಣ್ಣನಿಗೆ ಹೇಳಿದವನು ಸುಕ್ಕೋತಿನ ದಾರಿ ಹಿಡಿದನು. ಇಸ್ರಾಯೇಲನಲ್ಲಿ ಯಾಕೋಬನು ಇನ್ನೂ ಉಳಿದಿದ್ದನು. ಮುಂದೆ ಅವನ ಮಕ್ಕಳು ಯೋಸೇಫನ ನಿಲುವಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ತಂದು ಅವನ ಮುಂದೆ ಇಡುತ್ತಾರೆ. ಬಟ್ಟೆಯನ್ನೂ ಆಡಿನ ಚರ್ಮವನ್ನೂ ತೊಟ್ಟು ತಂದೆಯನ್ನು ವಂಚಿಸಿದವನು ಬಟ್ಟೆಯಿಂದಲೂ ಆಡಿನ ರಕ್ತದಿಂದಲೂ ವಂಚಿತನಾಗುತ್ತಾನೆ. ದೇವರು ಅವನನ್ನು ಬಿಡಲಿಲ್ಲ, ಹಳೆಯದು ಅವನನ್ನು ಒಮ್ಮೆಲೇ ಬಿಡಲೂ ಇಲ್ಲ. ಆದ್ದರಿಂದ ನಿಮ್ಮ ಎರಡು ಗುರುತುಗಳಲ್ಲಿ ದೇವರು ಹೇಳಿದ್ದೇ ನಿಜ ಎಂದು ನಾನು ನಂಬುತ್ತೇನೆ, ಆದರೆ ಮನೆಯವರು ಅದನ್ನು ನಂಬಲು ಸಮಯ ಬೇಕು, ಆ ಸಮಯವನ್ನು ಅವರಿಗೆ ಕೊಡುವುದು ನಿಮ್ಮ ಹೊಣೆ.

ಲೂಕನ 19ನೆಯ ಅಧ್ಯಾಯದ ಸುಂಕದವನಾದ ಜಕ್ಕಾಯನನ್ನೂ ನೋಡಿ. ಅವನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುತ್ತೇನೆ ಎಂದ ಮೇಲೆ ಯೇಸು ಈ ಮನೆಗೆ ಈಹೊತ್ತು ರಕ್ಷಣೆಯಾಯಿತು ಎಂದು, ಇವನೂ ಅಬ್ರಹಾಮನ ಮಗನೇ ಎಂದು ಎಲ್ಲರ ಮುಂದೆ ಹೇಳಿದನು. ಗುಣುಗುಟ್ಟುತ್ತಿದ್ದ ಊರಿನವರಿಗೆ ಕೇಳುವಂತೆಯೇ ಅವನ ಗುರುತು ಮರಳಿ ಬಂತು. ಕೊಡಬೇಕಾದದ್ದು ಏನಾದರೂ ಇದ್ದರೆ ಅದನ್ನು ಕೊಡುವುದರಿಂದ ಆರಂಭಿಸಿ.

ಮುಂದಿನ ವಾರಗಳಲ್ಲಿ ನಮ್ಮ ಗುಂಪು ಫಿಲೆಮೋನನಿಗೆ ಬರೆದ ಪತ್ರವನ್ನು ಓದಲಿದೆ. ಅದು 25 ವಚನಗಳ ಸಣ್ಣ ಪತ್ರ. ಯಜಮಾನನಾದ ಫಿಲೆಮೋನನಿಂದ ದೂರವಾಗಿದ್ದ ದಾಸನಾದ ಒನೇಸಿಮನನ್ನು ಪೌಲನು ಸೆರೆಯಲ್ಲಿದ್ದುಕೊಂಡೇ ಹಿಂದಕ್ಕೆ ಕಳುಹಿಸುತ್ತಾ, ಇನ್ನು ಅವನನ್ನು ದಾಸನೆಂದಲ್ಲ, ಪ್ರಿಯ ಸಹೋದರನೆಂದು ಸೇರಿಸಿಕೋ ಎನ್ನುತ್ತಾನೆ. ಅವನು ನಷ್ಟ ಮಾಡಿದ್ದರೆ, ಸಾಲವಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ತನ್ನ ಕೈಯಾರೆ ಬರೆದುಕೊಡುತ್ತಾನೆ. ಉಡುಪಿಯವರು ಹೇಳಿದ ಬೆಲೆಯೂ, ಬಲ್ಮಠದವರು ಕೇಳಿದ ಸಮಾನತೆಯೂ, ಮಣಿಪಾಲದವರ ಅಂಗಳದ ಪ್ರಶ್ನೆಯೂ ಅಲ್ಲಿ ಒಟ್ಟಿಗಿವೆ.

ಉತ್ತರ: ಉಡುಪಿಯಿಂದ

ಫಿಲೆಮೋನನು ಏನು ಮಾಡಿದನೆಂದು ಆ ಪತ್ರದಲ್ಲಿ ಇಲ್ಲ ಎಂಬುದನ್ನು ನಿಮ್ಮ ಗುಂಪಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಎಲ್ಲರೂ ಕೊನೆಯ ವಚನದಲ್ಲಿ ಉತ್ತರ ಹುಡುಕುತ್ತಾರೆ. ಅದರ ಜೊತೆಗೆ ಕೊಲೊಸ್ಸೆಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದ ಒಂಬತ್ತನೆಯ ವಚನವನ್ನೂ ಓದಿಸಿ. ಅಲ್ಲಿ ಪೌಲನು ಇಡೀ ಸಭೆಗೆ ಒನೇಸಿಮನನ್ನು ಪರಿಚಯಿಸುವಾಗ ದಾಸನೆಂಬ ಮಾತನ್ನೇ ಎತ್ತದೆ, ನಂಬಿಗಸ್ತನಾದ ಪ್ರಿಯ ಸಹೋದರ, ನಿಮ್ಮಲ್ಲಿ ಒಬ್ಬನು ಎಂದು ಬರೆದಿದ್ದಾನೆ. ಮಣಿಪಾಲದವರು ಶನಿವಾರ ಮಂಗಳೂರಿಗೆ ಬರುವುದು ಕಷ್ಟವಾದರೆ ಉಡುಪಿಯಲ್ಲಿ ನಮ್ಮ ಸಭೆಯ ಪುರುಷರೂ ಗುರುವಾರ ಸಂಜೆ ಓದಲು ಸೇರುತ್ತಾರೆ, ಅಲ್ಲಿಗೆ ಬರಬಹುದು.